ಅಂಕ ಬಿಡಿ, ನಕ್ಷೆ ಓದಿ

ಬೀರೂರಿನಲ್ಲಿ ನಡೆಯುವ ಅಮೃತಮಹಲ್ ಹೋರಿಗರುಗಳ ಹರಾಜಿನಲ್ಲಿ ಕಾಗದ ನಂಬಿ ಬೆಲೆ ಕೂಗುವವರಿಲ್ಲ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಜೋಡಿಗಳನ್ನು ರೈತರು ಸುತ್ತು ಹಾಕಿ ನೋಡುತ್ತಾರೆ. ಸುಳಿ, ಗೊರಸು, ನಡಿಗೆ, ಕೊಂಬಿನ ಹೊಂದಿಕೆ ಎಲ್ಲವೂ ಕಣ್ಣಿಗೆ ಒಪ್ಪಿದ ಮೇಲೆಯೇ ಬಾಯಿ ಬಿಡುವುದು. ಬುಕ್ಕಾಂಬುಧಿ, ಶಿವನಿ ಕಡೆಯ ಯಾವ ಹಿರಿಯರನ್ನು ಕೇಳಿದರೂ ನೋಡದೆ ಕೊಂಡ ಎತ್ತು ಮನೆಗೆ ತಂದ ಸಾಲ ಎನ್ನುತ್ತಾರೆ. ಆದರೆ ಕರ್ನಾಟಕದಿಂದ ಹೋಗಿ ಆಕ್ಲೆಂಡ್‌ನಲ್ಲೋ ನೈರೋಬಿಯಲ್ಲೋ ನೆಲೆಸಿದ ಕುಟುಂಬಗಳ ಮೊದಲ ಕಾರು ಹೆಚ್ಚಾಗಿ ಸಾವಿರಾರು ಕಿಲೋಮೀಟರ್ ದೂರದ ಜಪಾನಿನಲ್ಲಿ ಹರಾಜಾಗಿ ಬಂದದ್ದು. ಕೊಳ್ಳುವವರು ಅದನ್ನು ಹರಾಜಿಗೆ ಮುಂಚೆ ಮುಟ್ಟಿಯೂ ನೋಡಿರುವುದಿಲ್ಲ. ಅವರ ಕಣ್ಣಿನ ಕೆಲಸವನ್ನು ಒಂದು ಹಾಳೆ ಮಾಡಿರುತ್ತದೆ.

ಜಪಾನಿನ ಹರಾಜು ಸಂಸ್ಥೆಗಳಲ್ಲಿ ದೊಡ್ಡದು ಯುಎಸ್‌ಎಸ್. ಅದರ ಅಂಗಳಗಳಲ್ಲಿ ವಾರವಾರವೂ ಸಾವಿರಾರು ಕಾರು ಕೈ ಬದಲಿಸುತ್ತವೆ. ಒಂದೊಂದು ಕಾರಿಗೆ ಸಿಗುವುದು ಕೆಲವೇ ಸೆಕೆಂಡು. ಬಿಡ್ ಮಾಡುವವರು ಸದಸ್ಯ ವ್ಯಾಪಾರಿಗಳು. ಹೊರದೇಶದವರು ಏಜೆಂಟರ ಮೂಲಕ ಕೊಳ್ಳಬೇಕು. ಇಷ್ಟು ವೇಗದ ವ್ಯಾಪಾರ ನಡೆಯುವುದು ಪರೀಕ್ಷಕರು ಮೊದಲೇ ಬರೆದಿಟ್ಟ ಹಾಳೆಯ ಬಲದಿಂದ. ಪರೀಕ್ಷಕರಿಗೆ ಸಂಬಳ ಕೊಡುವುದು ಹರಾಜು ಸಂಸ್ಥೆ, ಮಾರುವವರಲ್ಲ. ಕಾರು ಹೋದ ಬೆಲೆ ಅವರ ಜೇಬಿಗೆ ಸಂಬಂಧಿಸಿದ್ದಲ್ಲ. ಹಾಳೆಗೆ ಬೆಲೆ ಬಂದಿರುವುದು ಅದರಿಂದಲೇ.

ಹಾಳೆಯ ಮೂಲೆಯಲ್ಲಿ ಒಂದು ಅಂಕ ಇರುತ್ತದೆ. ಹೊಸದರಂತಿರುವ ಕಾರಿಗೆ ಎಸ್ ಅಥವಾ 6, ಆಮೇಲೆ 5, 4.5, 4, 3.5, 3 ಎಂದು ಇಳಿಯುತ್ತದೆ. ಒಳಗಿನ ಸೀಟು, ಡ್ಯಾಶ್‌ಬೋರ್ಡಿನ ಸ್ಥಿತಿಗೆ ಎ, ಬಿ, ಸಿ ಎಂಬ ಬೇರೆ ಗುರುತು. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ನಿಜವಾದ ಮಾತು ಇರುವುದು ಕೆಳಗಿನ ಕಾರಿನ ನಕ್ಷೆಯಲ್ಲಿ. ಎ ಎಂದರೆ ಗೀರು, ಯು ಎಂದರೆ ತಗ್ಗು, ಎಸ್ ತುಕ್ಕು, ಸಿ ತುಕ್ಕು ತಿಂದ ಭಾಗ, ಡಬ್ಲ್ಯು ಎಂದರೆ ಟಿಂಕರಿಂಗ್ ಮಾಡಿ ಪೇಂಟ್ ಹೊಡೆದ ಜಾಗದ ಅಲೆ, ಎಕ್ಸ್‌ಎಕ್ಸ್ ಎಂದರೆ ಬದಲಾಯಿಸಿದ ಭಾಗ. ಅಕ್ಷರದ ಪಕ್ಕದ ಅಂಕಿ ಹೆಚ್ಚಾದಷ್ಟೂ ಹಾನಿ ಹೆಚ್ಚು. ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ ಬರೆದಿರುವುದುಂಟು: ಹೇಸೇ 25 ಎಂದರೆ 2013, ರೇವಾ 3 ಎಂದರೆ 2021.

ಈಗ ಒಂದು ಹಾಳೆಯನ್ನು ಹತ್ತಿರದಿಂದ ಓದೋಣ. ಒಂದು ಮಾಜ್ದಾ ಡೆಮಿಯೊ, ಅಂಕ 4, ಒಳಗೆ ಬಿ. ಬಲ ಹಿಂಬಾಗಿಲಿಗೆ ಡಬ್ಲ್ಯು2, ಎಡ ಮುಂದಿನ ಫೆಂಡರ್ ಮೇಲೆ ಎಕ್ಸ್‌ಎಕ್ಸ್. ಫೆಂಡರನ್ನೇ ಬದಲಾಯಿಸಿದ್ದಾರೆ, ಆದರೂ ಇದು ಆಕ್ಸಿಡೆಂಟ್ ಗಾಡಿ ಎಂದು ಬರೆದಿಲ್ಲ. ತಪ್ಪೇನೂ ಆಗಿಲ್ಲ. ಫೆಂಡರ್, ಬಾಗಿಲು, ಬಾನೆಟ್ ಬೋಲ್ಟ್ ಹಾಕಿ ಕೂರಿಸಿದ ಭಾಗಗಳು; ಬಿಚ್ಚಿ ಹೊಸದು ಹಾಕಿದರೆ ಕಾರಿನ ಬಲ ಕುಗ್ಗುವುದಿಲ್ಲ. ಆರ್ ಎಂಬ ಗುರುತು ಬೀಳುವುದು ವೆಲ್ಡ್ ಆದ ಎಲುಬಿಗೆ, ಅಂದರೆ ಏಪ್ರನ್, ಪಿಲ್ಲರ್, ನೆಲ, ಚಾವಣಿಗೆ, ಏಟು ಬಿದ್ದಾಗ. ಏಟು ಸಣ್ಣದಾಗಿದ್ದರೆ ಕೆಲವು ಸಂಸ್ಥೆಗಳು ಆರ್‌ಎ ಎನ್ನುತ್ತವೆ. ಹಾಗೆಂದು ಎಕ್ಸ್‌ಎಕ್ಸ್ ಕಂಡಾಗ ಸುಮ್ಮನಿರಬಾರದು: ಫೆಂಡರ್ ಹೋಗುವಷ್ಟು ಏಟು ಅದರ ಹಿಂದಿನ ಏಪ್ರನ್‌ಗೆ ತಾಗಿತೇ ಎಂದು ಏಜೆಂಟರನ್ನು ಕೇಳಬೇಕು.

ಎಲುಬಿಗೆ ಇಷ್ಟು ಮಹತ್ವ ಯಾಕೆ? ಡಿಕ್ಕಿಯಾದಾಗ ಮುಂಭಾಗದ ಉದ್ದ ತೊಲೆಗಳು ಮಡಿಕೆ ಮಡಿಕೆಯಾಗಿ ಕುಸಿದು ಏಟಿನ ಶಕ್ತಿಯನ್ನು ನುಂಗಬೇಕೆಂದೇ ಅವನ್ನು ರೂಪಿಸಿರುತ್ತಾರೆ. ಒಮ್ಮೆ ಮಡಿದು ಎಳೆದು ನೆಟ್ಟಗೆ ಮಾಡಿದ ತೊಲೆ ಮುಂದಿನ ಸಲ ಅದೇ ರೀತಿ ಮಡಿಯುವುದಿಲ್ಲ. ಬಾಗಿಲುಗಳ ನಡುವಿನ ಪಿಲ್ಲರ್‌ನ ಸಂಗತಿ ಇನ್ನೂ ಸೂಕ್ಷ್ಮ. ಹಲವು ಕಾರುಗಳಲ್ಲಿ ಅದು ಬೋರಾನ್ ಬೆರೆತ ಉಕ್ಕು. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿದ ಹಾಗೆಯೇ ತಣಿಸಿ ಅದನ್ನು ಗಟ್ಟಿ ಮಾಡಿರುತ್ತಾರೆ. ಗ್ಯಾರೇಜಿನಲ್ಲಿ ಗ್ಯಾಸ್ ಹಿಡಿದು ಕಾಯಿಸಿ ಬಗ್ಗಿಸಿದರೆ ಆ ಗಟ್ಟಿತನ ಹೊರಟೇಹೋಗುತ್ತದೆ. ಮೇಲೆ ಪೇಂಟ್ ಎಷ್ಟೇ ಚೆನ್ನಾಗಿದ್ದರೂ ಒಳಗಿರುವುದು ಮೆತ್ತಗಾದ ಕಬ್ಬಿಣ.

ಮುಚ್ಚಿಟ್ಟ ರಿಪೇರಿ ಬಯಲಾಗುವ ಬಗೆ ನನಗಂತೂ ಬಹಳ ಹಿಡಿಸುತ್ತದೆ. ಅಂಗೈಯಲ್ಲಿ ಹಿಡಿಯುವ ಒಂದು ಪುಟ್ಟ ಮೀಟರ್ ಇದೆ. ಅದರ ತುದಿಯ ಸುರುಳಿಯಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಹುಟ್ಟುತ್ತದೆ. ಉಕ್ಕು ಹತ್ತಿರವಿದ್ದಷ್ಟೂ ಆ ಕ್ಷೇತ್ರ ಬಲಗೊಳ್ಳುತ್ತದೆ. ನಡುವೆ ಪೇಂಟ್ ದಪ್ಪವಾದಷ್ಟೂ ಕುಗ್ಗುತ್ತದೆ. ಆ ವ್ಯತ್ಯಾಸವೇ ಪರದೆಯ ಮೇಲೆ ಮೈಕ್ರಾನ್ ಲೆಕ್ಕವಾಗಿ ಬರುತ್ತದೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮತ್ತೆ ಪೇಂಟ್ ಹೊಡೆದಲ್ಲಿ 200 ದಾಟುತ್ತದೆ, ಪುಟ್ಟಿ ತುಂಬಿದಲ್ಲಿ 1000 ಮೀರುವುದೂ ಉಂಟು. ಅಲ್ಯೂಮಿನಿಯಂ ಬಾನೆಟ್ ಆದರೆ ಮೀಟರ್ ಅದರೊಳಗೆ ಸುಳಿಪ್ರವಾಹ ಹುಟ್ಟಿಸಿ ಅಳೆಯುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಮಾತ್ರ ಈ ಎರಡೂ ಉಪಾಯ ನಡೆಯುವುದಿಲ್ಲ.

ಹಾಳೆ ಹೇಳದ ಸಂಗತಿಗಳೂ ಇವೆ. ಪರೀಕ್ಷಕರು ಕಾರನ್ನು ದೂರ ಓಡಿಸಿ ನೋಡುವುದಿಲ್ಲ. ಹೈಬ್ರಿಡ್ ಬ್ಯಾಟರಿಯಲ್ಲಿ ಎಷ್ಟು ಆಯುಸ್ಸು ಉಳಿದಿದೆ, ಗೇರ್‌ಬಾಕ್ಸ್ ಘಾಟಿ ಹತ್ತುವಾಗ ನಡುಗುತ್ತದೆಯೇ ಎಂಬುದು ಅದರಲ್ಲಿ ಸಿಗದು. ನಡುವಿನ ವ್ಯಾಪಾರಿಗಳು ತಿದ್ದಿದ ಹಾಳೆ ತೋರಿಸುವುದೂ ಉಂಟು. ಹಾಗಾಗಿ ಚಾಸಿ ನಂಬರ್ ಕೊಟ್ಟು ಮೂಲ ದಾಖಲೆಯೊಂದಿಗೆ ತಾಳೆ ನೋಡಬೇಕು.

ಭಾರತಕ್ಕೆ ಇಂಥ ಕಾರು ತರುವುದು ಬಹುತೇಕ ಅಸಾಧ್ಯ. ಮೂರು ವರ್ಷಕ್ಕಿಂತ ಹಳೆಯದನ್ನು ತರುವಂತಿಲ್ಲ, ಸುಂಕವೋ ಕಾರಿನ ಬೆಲೆಯನ್ನೇ ಮೀರುತ್ತದೆ. ಆದರೆ ಹಾಳೆ ಕಲಿಸುವ ವಿದ್ಯೆಗೆ ಸುಂಕವಿಲ್ಲ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆ ಕಡ್ಡಾಯ. ಓಡಿದ ಕಿಲೋಮೀಟರ್ ಆಗ ದಾಖಲಾಗುವುದರಿಂದ ಮೀಟರ್ ತಿರುಗಿಸಿದರೆ ಸಿಕ್ಕಿಬೀಳುತ್ತಾರೆ. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷದ್ದು; ಅಲ್ಲಿಯವರೆಗೆ ಫಿಟ್‌ನೆಸ್ ನೋಡುವವರಿಲ್ಲ. ಪ್ರತಿ ಮಾರಾಟಕ್ಕೂ ಆ ಹರಾಜು ಹಾಳೆಯಂಥ ತಟಸ್ಥ ತಪಾಸಣೆ ಇಲ್ಲಿ ಕಡ್ಡಾಯವಾಗಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಇಷ್ಟೊಂದು ಜನ ರಸ್ತೆಯಲ್ಲಿ ಸಾಯುವ ನಾಡಿನಲ್ಲಿ ಎಲುಬು ಮುರಿದ ಕಾರುಗಳು ಪೇಂಟ್ ಹೊಡೆಸಿಕೊಂಡು ಓಡಾಡಬಾರದು.

ಅದು ಬರುವ ತನಕ ಕಡೂರಿನಲ್ಲೋ ತರೀಕೆರೆಯಲ್ಲೋ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ನೀವೇ ಪರೀಕ್ಷಕರಾಗಿ. ಹಗಲು ಬೆಳಕಿನಲ್ಲಿ ನೋಡಿ. ಫೆಂಡರ್ ಬೋಲ್ಟಿನ ಅಂಚಿನಲ್ಲಿ ಪೇಂಟ್ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಬಾಗಿಲಿನ ರಬ್ಬರ್ ಸರಿಸಿದರೆ ಕಾರ್ಖಾನೆಯ ರೋಬೋ ಇಟ್ಟ ಸ್ಪಾಟ್ ವೆಲ್ಡಿನ ಗುಂಡು ಗುರುತುಗಳು ಸಮ ಅಂತರದಲ್ಲಿ ಕಾಣಬೇಕು. ಅವು ಅಳಿಸಿದ್ದರೆ, ಗಂಟುಗಂಟಾಗಿದ್ದರೆ ಅನುಮಾನಪಡಿ. ಡಿಕ್ಕಿಯ ಕಾರ್ಪೆಟ್ ಎತ್ತಿಸಿ ನೆಲ ನೋಡಿ. ಎತ್ತಲು ಬಿಡದವರ ಗಾಡಿಗೆ ಮುಂಗಡ ಕೊಡಬೇಡಿ.