ರೊಕ್ಕ ಮೊದಲು, ಗ್ರಹ ಆಮೇಲೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿರುವ ನಮ್ಮ ಭಾವನವರಿಗೆ ಕಂಪ್ಯೂಟರ್ ಆಟ ಅಂದರೆ ಮಕ್ಕಳ ಕಣ್ಣು ಕೆಡಿಸುವ ವಸ್ತು. ಅವರನ್ನೂ ಕುರ್ಚಿ ಎಳೆದುಕೊಂಡು ಕೂರುವಂತೆ ಮಾಡಿದ ಆಟ ಒಂದಿದೆ: ಎಲೀಟ್ ಡೇಂಜರಸ್. ಒಂದು ಬಾಹ್ಯಾಕಾಶ ನಿಲ್ದಾಣದಲ್ಲಿ ಅಗ್ಗಕ್ಕೆ ಸಿಗುವ ಸರಕನ್ನು ಹಡಗಿಗೆ ತುಂಬಿಕೊಂಡು, ದರ ಏರಿರುವ ಇನ್ನೊಂದು ನಕ್ಷತ್ರದ ಕಡೆ ಒಯ್ದು ಮಾರುವುದು ಅದರ ಮುಖ್ಯ ಕಸುಬುಗಳಲ್ಲಿ ಒಂದು. ಪರದೆಯ ಮೇಲೆ ದರಪಟ್ಟಿ ಮೂಡಿದ್ದೇ, "ಖರೀದಿ ಎಷ್ಟೈತಿ, ಮಾರಾಟ ಎಷ್ಟೈತಿ? ಬಾಡಿಗಿ ಯಾರ್ ಕೊಡ್ತಾರ?" ಅಂತ ಮಗನನ್ನು ವಿಚಾರಿಸತೊಡಗಿದರು.

ಆಡುತ್ತಿದ್ದ ಆ ಮಗ ನನ್ನ ಅಳಿಯ. ಬೆಂಗಳೂರಿನ ಸಾಫ್ಟ್‌ವೇರ್ ನೌಕರಿ, ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪು, ಮಾನಿಟರು ಸಮೇತ ಬ್ಯಾಡಗಿಗೆ ಬಂದು ಅಟ್ಟದ ಕೋಣೆ ಹಿಡಿದಿದ್ದ. ನನ್ನದು ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಗೇಮಿಂಗ್ ಪಿಸಿ ಕಟ್ಟಿಸಲು ಬರುವ ಹುಡುಗರ ಮಾತು ಕೇಳಿ ಕೇಳಿ ಈ ಲೋಕದ ವ್ಯವಹಾರ ನನಗೂ ತಕ್ಕಮಟ್ಟಿಗೆ ಗೊತ್ತು. 2021ರಲ್ಲಿ ಈ ಆಟದ ಒಂದು ವಿಸ್ತರಣೆ ತಡವಾಗಿ ಬಂದು ದೊಡ್ಡ ಗಲಾಟೆಯಾಯಿತು. ಗೇಮರ್‌ಗಳಿಗೆ ತಾಳ್ಮೆ ಇಲ್ಲ ಅಂತ ಆಗ ಹಲವರು ಬರೆದರು. ಆ ಮಾತನ್ನು ನಾನು ಒಪ್ಪುವುದಿಲ್ಲ.

ಈ ಆಟ ಹಳೆಯ ಮನೆತನದ್ದು. ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳು 1984ರಲ್ಲಿ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರಿಗೆ ಬರೆದ 'ಎಲೀಟ್' ಇದರ ಮೂಲ. ಆ ಯಂತ್ರದ ಮೆಮೊರಿ ಬರೀ 32 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರೊಳಗೇ ಅವರು 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ನಕ್ಷತ್ರಲೋಕ ತುಂಬಿದರು. ಗ್ರಹಗಳನ್ನು ಬರೆದಿಡುವ ಬದಲು ಗ್ರಹ ಹುಟ್ಟಿಸುವ ಲೆಕ್ಕವನ್ನು ಬರೆದಿಟ್ಟದ್ದೇ ಅವರ ಜಾಣತನ. ಒಂದು ಸಂಖ್ಯೆ ಕೊಟ್ಟರೆ ಸೂತ್ರ ಒಂದು ಲೋಕವನ್ನು ತೆಗೆದುಕೊಡುತ್ತದೆ. ಅದೇ ಸಂಖ್ಯೆ ಮತ್ತೆ ಕೊಟ್ಟರೆ ಅದೇ ಲೋಕ, ಅದೇ ಹೆಸರು, ಅದೇ ಸಂತೆ. 2014ರ ಡಿಸೆಂಬರ್ 16ರಂದು ಬಂದ ಎಲೀಟ್ ಡೇಂಜರಸ್ ಇದೇ ಉಪಾಯದಿಂದ ನಮ್ಮ ಆಕಾಶಗಂಗೆಯನ್ನೇ, ಸುಮಾರು 40,000 ಕೋಟಿ ನಕ್ಷತ್ರಗಳ ಸಮೇತ, ಕಟ್ಟಿಕೊಟ್ಟಿತು.

ಈ ಆಟ ಆಡುವವರ ತಾಳ್ಮೆಗೆ ಒಂದು ಉದಾಹರಣೆ ಕೊಡುತ್ತೇನೆ. ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ಹೋದರೆ ಅಲ್ಲಿಂದ 0.22 ಜ್ಯೋತಿರ್ವರ್ಷ ದೂರದಲ್ಲಿ ಹಟನ್ ಆರ್ಬಿಟಲ್ ಎಂಬ ನಿಲ್ದಾಣವಿದೆ. ಬಹುಕಾಲ ಅಲ್ಲಿಗೆ ಅಡ್ಡದಾರಿ ಇರಲಿಲ್ಲ. ಹಡಗಿನ ಮೂತಿಯನ್ನು ಆ ದಿಕ್ಕಿಗೆ ತಿರುಗಿಸಿ ಗಂಟೆಗಿಂತ ಹೆಚ್ಚು ಹೊತ್ತು ಸುಮ್ಮನೆ ಕೂರಬೇಕಿತ್ತು. ಹೋದವರಿಗೆ ಸಿಗುತ್ತಿದ್ದುದೇನು? ಕುಡಿಯುವ ಒಂದು ಕಪ್. ಅದನ್ನು ತರಲು ಜನ ನಗುನಗುತ್ತ ಹೋಗುತ್ತಿದ್ದರು. 2019ರ ಜನವರಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಆಟಗಾರರು ಜೊತೆಗೂಡಿ ಗ್ಯಾಲಕ್ಸಿಯ ಆಚೆ ತುದಿಗೆ ತಿಂಗಳುಗಟ್ಟಲೆ ಯಾತ್ರೆ ಹೊರಟಿದ್ದರು. ಇಂಥವರನ್ನು ಕಾಯಲಾರದವರು ಅನ್ನುವುದು ಹೇಗೆ?

ಮೊದಲ ವರ್ಷ ಇಳಿಯಲು ಇದ್ದದ್ದು ನಿಲ್ದಾಣಗಳು ಮಾತ್ರ. ಗ್ರಹಗಳು ನೋಡುವುದಕ್ಕಷ್ಟೇ. 2015ರ ಡಿಸೆಂಬರಿನಲ್ಲಿ 'ಹೊರೈಜನ್ಸ್' ವಿಸ್ತರಣೆ ಬಂದು ಗಾಳಿಯಿಲ್ಲದ ಗ್ರಹಗಳ ಮೇಲೆ ಹಡಗು ಇಳಿಸುವ ಅವಕಾಶವಾಯಿತು. ಅಳಿಯ ಇಳಿಸುವುದನ್ನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಗೋಲಿಯಷ್ಟಿದ್ದ ಗ್ರಹ ನಿಧಾನವಾಗಿ ಇಡೀ ಪರದೆ ತುಂಬುತ್ತದೆ, ಗೆರೆಯಂತೆ ಕಂಡದ್ದು ಕಣಿವೆಯಾಗುತ್ತದೆ. ಲ್ಯಾಂಡಿಂಗ್ ಗೇರ್ ಇಳಿಸಿ ಸಮತಟ್ಟು ಜಾಗ ಹುಡುಕುತ್ತ ತೇಲಬೇಕು. ಗುರುತ್ವ ಕಡಿಮೆಯಿದ್ದರೆ ಹಡಗು ಗಾಳಿಪಟದ ಹಾಗೆ ಆಡುತ್ತದೆ. ಭೂಮಿಯ ಆರು ಪಟ್ಟಿಗಿಂತ ಹೆಚ್ಚು ಗುರುತ್ವವಿರುವ ಗ್ರಹವೂ ಒಂದಿದ್ದು, ಅಲ್ಲಿ ಕ್ಷಣ ಮೈಮರೆತರೂ ಹಡಗು ಚೂರು. ಅಳಿಯ ಎಂಜಿನ್ ಆರಿಸುವವರೆಗೆ ಮಾತಾಡಲಿಲ್ಲ. ಆಗ ಇಳಿದ ಮೇಲೂ ನೆಲದ ಮೇಲೆ ಓಡಾಡಲು ಸಿಗುತ್ತಿದ್ದುದು ಒಂದು ಪುಟ್ಟ ಬಂಡಿ. ಹಡಗಿನಿಂದ ಕಾಲು ಕೆಳಗಿಡುವ ಹಾಗಿರಲಿಲ್ಲ.

ಆ ಕಾಲು ಕೆಳಗಿಡುವ ಆಸೆಯ ಹೆಸರೇ 'ಒಡಿಸ್ಸಿ'. 2020ರ ಜೂನ್‌ನಲ್ಲಿ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಕಂಪನಿ ಅದನ್ನು ಘೋಷಿಸಿತು: ತೆಳು ಗಾಳಿ ಇರುವ ಗ್ರಹಗಳಲ್ಲೂ ಇಳಿಯಬಹುದು, ನಡೆದಾಡಬಹುದು, 2021ರ ಆರಂಭಕ್ಕೆ ಬರುತ್ತದೆ. 2021ರ ಜನವರಿಯಲ್ಲಿ ಮಾತು ಬದಲಾಯಿತು. ಕೊರೊನಾ ನಿರ್ಬಂಧಗಳಿಂದ ಕೆಲಸ ಹಿಂದೆ ಬಿದ್ದಿದೆ, ಪಿಸಿಗೆ ವಸಂತದ ಕೊನೆಗೆ, ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗೆ ಇನ್ನೂ ಮುಂದೆ, ಶರತ್ಕಾಲಕ್ಕೆ. ಅಳಿಯ ಮುಂಗಡ ಕೊಟ್ಟಾಗಿತ್ತು. ಸಿಟ್ಟು ಬಂತೇನೋ ಅಂತ ಕೇಳಿದೆ. "ಆಗ್ಲಿ ಬಿಡು ಮಾಮಾ, ತಡ ಆದ್ರೂ ಛಲೋ ಮಾಡಿ ಕೊಡ್ಲಿ," ಅಂದ. ಬಹಳಷ್ಟು ಆಟಗಾರರು ಅಂದದ್ದೂ ಅದನ್ನೇ. ಆ ವರ್ಷ ಯಾವುದು ತಾನೇ ಹೊತ್ತಿಗೆ ಸರಿಯಾಗಿ ನಡೆಯಿತು? ನಮ್ಮ ಹಾವೇರಿಯ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೇ ಮುಂದಕ್ಕೆ ಹೋಗುತ್ತ ಹೋಗುತ್ತ ಕೊನೆಗೆ ನಡೆದದ್ದು 2023ರ ಜನವರಿ 6ಕ್ಕೆ.

ಮಾರ್ಚ್ ಕೊನೆಗೆ, ಮುಂಗಡ ಹೆಚ್ಚು ಕೊಟ್ಟವರಿಗೆ ಪರೀಕ್ಷಾ ಆವೃತ್ತಿ ಸಿಕ್ಕಿತು. ಇದು ಇನ್ನೂ ಬೆಂದಿಲ್ಲ, ಮತ್ತಷ್ಟು ತಿಂಗಳು ಬೇಕು ಅಂತ ಆಡಿದವರೇ ಹೇಳಿದರು. ಆದರೂ ಮೇ 19ಕ್ಕೆ ಬಿಡುಗಡೆಯಾಯಿತು. ನಮ್ಮಲ್ಲಿ ಲಾಕ್‌ಡೌನ್, ನನ್ನ ಅಂಗಡಿಗೆ ಬೀಗ, ಗ್ರಾಫಿಕ್ಸ್ ಕಾರ್ಡಿಗೆ ಜಗತ್ತೇ ಬಾಯಿಬಿಡುತ್ತಿದ್ದ ಕಾಲ. ಒಳ್ಳೆಯ ಕಾರ್ಡ್ ಇದ್ದವರ ಯಂತ್ರವೂ ಗ್ರಹದ ಮೇಲಿನ ವಸತಿಗಳಿಗೆ ಕಾಲಿಟ್ಟೊಡನೆ ಏದುಸಿರು ಬಿಡುತ್ತಿದೆ ಅಂತ ಎಲ್ಲ ಕಡೆಯಿಂದ ದೂರು ಬಂತು. ಒಂದೇ ಆಕಾರದ ಗುಡ್ಡ ಒಂದೇ ಗ್ರಹದಲ್ಲಿ ಮರುಕಳಿಸುವುದನ್ನು ಜನ ಚಿತ್ರ ಸಮೇತ ತೋರಿಸಿದರು. ಸೂತ್ರದಿಂದ ಗ್ರಹ ಹುಟ್ಟಿಸುವಲ್ಲಿನ ಕಷ್ಟ ಇದೇ. ಮೇಲಿನಿಂದ ಹಾರುವವನಿಗೆ ಗುಡ್ಡದ ಆಕಾರ ಸಾಕು. ನಡೆಯುವವನಿಗೆ ಕಲ್ಲು, ಕಲ್ಲಿನ ನೆರಳು, ಬಾಗಿಲು, ಬಾಗಿಲಾಚೆಯ ಮನುಷ್ಯ ಎಲ್ಲವೂ ಬೇಕು, ಮತ್ತು ಅದನ್ನೆಲ್ಲ ಯಂತ್ರ ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಬಿಡಿಸಬೇಕು.

ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಒಡಿಸ್ಸಿಯ ಅಭಿಪ್ರಾಯಗಳು ಬಹುಪಾಲು ಬೈಗುಳವಾದವು. ಬ್ರೇಬೆನ್ ಕೆಲವೇ ದಿನಗಳಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಆಟಗಾರರು ಕಂಪನಿಯ ಹಣಕಾಸು ವರ್ಷದ ಕಡೆ ಬೆರಳು ತೋರಿಸಿದರು: ಅದು ಮುಗಿಯುವುದು ಮೇ 31ಕ್ಕೆ. ನನಗೂ ಆ ಲೆಕ್ಕ ಕಾಕತಾಳೀಯ ಅನ್ನಿಸುವುದಿಲ್ಲ.

ಆ ಜೂನ್‌ನಲ್ಲಿ ಬ್ಯಾಡಗಿಗೆ ಹೋದಾಗ ಈ ಕಥೆ ಭಾವನವರ ಕಿವಿಗೂ ಬಿತ್ತು. ಅವರ ಮಾರುಕಟ್ಟೆಯಲ್ಲಿ ಖರೀದಿದಾರ ಅಂಗಡಿಯಿಂದ ಅಂಗಡಿಗೆ ಓಡಾಡಿ, ಚೀಲಕ್ಕೆ ಕೈ ಹಾಕಿ, ತಳಿ ಡಬ್ಬಿಯೋ ಕಡ್ಡಿಯೋ ನೋಡಿ, ಕಾಯಿ ಮುರಿದು ಬಣ್ಣವನ್ನೂ ತೇವವನ್ನೂ ಪರೀಕ್ಷಿಸಿದ ಮೇಲೆಯೇ ಟೆಂಡರ್ ಹಾಕುತ್ತಾನೆ. ಅವರು ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮಾಲು ನೋಡದನ ರೊಕ್ಕ ಕೊಟ್ಟಿಯೇನು?" ಅಳಿಯ ಉತ್ತರ ಕೊಡದೆ ಚಹಾ ಕುಡಿದ.

ಗೇಮ್ ವಿಮರ್ಶಕರು ಪುಟಗಟ್ಟಲೆ ಬರೆದದ್ದಕ್ಕಿಂತ ಆ ಪ್ರಶ್ನೆಯೇ ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ತಡವಾದದ್ದನ್ನು ಜನ ಸಹಿಸಿದರು. ಬೇಯದ್ದನ್ನು ಬಡಿಸಿ ಪೂರ್ತಿ ದುಡ್ಡು ಎಣಿಸಿಕೊಂಡದ್ದನ್ನು ಸಹಿಸಲಿಲ್ಲ. ಈ ಮನೆತನಕ್ಕೆ ಅದು ಹೊಸ ಪಾಠವೂ ಅಲ್ಲ. 1995ರಲ್ಲಿ ಇದೇ ಸರಣಿಯ 'ಫಸ್ಟ್ ಎನ್‌ಕೌಂಟರ್ಸ್' ಅವಸರದಲ್ಲಿ, ದೋಷ ತುಂಬಿಕೊಂಡೇ ಪೇಟೆಗೆ ಬಂದು ಹೆಸರು ಕೆಡಿಸಿಕೊಂಡಿತ್ತು.

ಎಲ್ಲ ಆಟಗಾರರೂ ಸಾಧುಗಳು ಅಂತ ನಾನೇನೂ ಹೇಳುತ್ತಿಲ್ಲ. 2016ರಲ್ಲಿ 'ನೋ ಮ್ಯಾನ್ಸ್ ಸ್ಕೈ' ಎಂಬ ಇನ್ನೊಂದು ಗ್ರಹಯಾನದ ಆಟ ಜೂನ್‌ನಿಂದ ಆಗಸ್ಟ್‌ಗೆ ಹೋಯಿತು. ಅಷ್ಟಕ್ಕೇ ಅದರ ನಿರ್ಮಾಪಕ ಶಾನ್ ಮರ್ರಿಗೂ ಸುದ್ದಿ ಬರೆದ ಪತ್ರಕರ್ತನಿಗೂ ಕೊಲೆ ಬೆದರಿಕೆ ಬಂತು. ಅದು ಶುದ್ಧ ಪುಂಡಾಟಿಕೆ. ಆ ಆಟ ಬಂದಾಗ ಹೇಳಿದ್ದರಲ್ಲಿ ಎಷ್ಟೋ ಇರಲಿಲ್ಲ, ಆದರೆ ಮರ್ರಿಯ ತಂಡ ಬಾಯಿ ಮುಚ್ಚಿಕೊಂಡು ವರ್ಷಗಟ್ಟಲೆ ಪುಕ್ಕಟೆ ಪರಿಷ್ಕರಣೆ ಕೊಟ್ಟು ಹೆಸರು ಮರಳಿ ಗಳಿಸಿತು. 'ಸ್ಟಾರ್ ಸಿಟಿಜನ್' ಇನ್ನೊಂದು ತುದಿ: 2012ರಿಂದ ಜನರಿಂದ 70 ಕೋಟಿ ಡಾಲರಿಗೂ ಮಿಕ್ಕಿ ಸಂಗ್ರಹಿಸಿದೆ, 2014ಕ್ಕೆ ಬರಬೇಕಿದ್ದದ್ದು ಹತ್ತು ವರ್ಷ ಕಳೆದರೂ ಪರೀಕ್ಷಾ ಹಂತದಲ್ಲೇ ಇತ್ತು.

ಒಡಿಸ್ಸಿಯನ್ನೂ ತಿದ್ದುತ್ತ ಬಂದರು, ಪಿಸಿಯಲ್ಲಿ ಅದೀಗ ಆಡುವಂತಿದೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಕನ್ಸೋಲ್ ಇದ್ದವರ ಪಾಡು ಬೇರೆ. 2021ರ ಜುಲೈನಲ್ಲಿ ಅವರ ಆವೃತ್ತಿಯ ಕೆಲಸ ನಿಂತಿತು, 2022ರ ಮಾರ್ಚ್ 10ರಂದು ಕೈಬಿಟ್ಟಿದ್ದೇವೆಂದು ಘೋಷಣೆಯೇ ಆಯಿತು. ಬದಲಿಗೆ ಅವರ ಖಾತೆಯ ಗಳಿಕೆಯನ್ನು ಪಿಸಿಗೆ ನಕಲು ಮಾಡಿಕೊಳ್ಳುವ ಸೌಲಭ್ಯ ಕೊಟ್ಟರು. ಹಾವೇರಿಯಿಂದ ಬರುವ ನನ್ನ ಗಿರಾಕಿಯೊಬ್ಬರು ಪ್ಲೇಸ್ಟೇಷನ್‌ನಲ್ಲಿ ಆಡುತ್ತಿದ್ದವರು. ಆ ವಾರವೇ ಅಂಗಡಿಗೆ ಬಂದು ಕೇಳಿದ್ದು, "ಸರ್, ಇದಕ್ಕಂತ ಒಂದು ಪಿಸಿ ಕಟ್ಟಿಸಿದ್ರ ಎಷ್ಟಾಗ್ತದ?" ಕಾರ್ಡಿನ ದರ ಹೇಳಿದೆ. ಸುಮ್ಮನೆ ನಕ್ಕು ಹೋದರು.

ಮಕ್ಕಳು ಹೊಸ ಆಟಕ್ಕೆ ಮುಂಗಡ ಕೇಳಿದರೆ ನನ್ನ ಸಲಹೆ ಇಷ್ಟು. ಬಿಡುಗಡೆಯಾಗಿ ಒಂದೆರಡು ತಿಂಗಳು ಹೋಗಲಿ. ಬೇರೆಯವರು ಆಡುವ ವಿಡಿಯೊ ನೋಡಿ, ನಿಮ್ಮ ಗ್ರಾಫಿಕ್ಸ್ ಕಾರ್ಡ್ ಅದಕ್ಕೆ ಸಾಲುತ್ತದೋ ಕೇಳಿಕೊಳ್ಳಿ. ಇಂಟರ್ನೆಟ್ ಇಲ್ಲದೆ ಎಲೀಟ್ ಡೇಂಜರಸ್ ತೆರೆಯುವುದೇ ಇಲ್ಲ ಅನ್ನುವುದೂ ನೆನಪಿರಲಿ. ಸ್ಟೀಮ್‌ನಲ್ಲಿ ಕೊಂಡದ್ದು ಹಿಡಿಸದಿದ್ದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ದುಡ್ಡು ವಾಪಸ್ ಕೇಳಬಹುದು. ಆದ್ದರಿಂದ ಕೊಂಡ ದಿನವೇ ಹಟನ್ ಆರ್ಬಿಟಲ್ ಕಡೆಗೆ ಮಾತ್ರ ಹೊರಡಬೇಡಿ.