ಡಿಜೆಲ್ ಬಂಡಿಗೆ ಪೆಟ್ರೋಲು ಬಿದ್ದರೆ

ಎತ್ತಿಗೆ ಮೇವು ಹಾಕುವಂತೆ ಬಂಡಿಗೆ ಎಣ್ಣೆ ಹಾಕಿಸುವುದೂ ಈಗ ಒಕ್ಕಲುತನದ ನಿತ್ಯದ ಕೆಲಸವಾಗಿದೆ. ಎತ್ತು ಒಗ್ಗದ ಮೇವನ್ನು ಮೂಸಿ ಬಿಟ್ಟುಬಿಡುತ್ತದೆ. ಇಂಜಿನ್ನಿಗೆ ಆ ಬುದ್ಧಿಯಿಲ್ಲ. ಆದ್ದರಿಂದ ಅದರ ಪಾಲಿನ ಎಚ್ಚರವನ್ನೂ ನಾವೇ ವಹಿಸಬೇಕಾಗುತ್ತದೆ.

ಕಳೆದ ಸುಗ್ಗಿಯಲ್ಲಿ ಅಕ್ಕಲಕೋಟದ ಕಡೆಯಿಂದ ಉಳ್ಳಾಗಡ್ಡಿ ಹೇರಿಕೊಂಡು ಸೊಲ್ಲಾಪುರದ ಪೇಟೆಗೆ ಹೊರಟ ಪಿಕಪ್ ಬಂಡಿಯೊಂದರಲ್ಲಿ ನಾವೂ ಕುಳಿತಿದ್ದೆವು. ದಾರಿಯಲ್ಲಿ ಎಣ್ಣೆಯ ಪಂಪಿನ ಮುಂದೆ ಬಂಡಿ ನಿಂತಿತು. ಚಾಲಕರು ಅಡತಿಯವರೊಡನೆ ಫೋನಿನಲ್ಲಿ ಮಾತನಾಡುತ್ತಲೇ, "ತಮ್ಮಾ, ಸಾವಿರ ರೂಪಾಯಿದು ಎಣ್ಣಿ ಹಾಕು" ಎಂದರು. ಯಾವ ಎಣ್ಣೆಯೆಂದು ಇವರು ಹೇಳಲಿಲ್ಲ, ಹುಡುಗನೂ ಕೇಳಲಿಲ್ಲ. ಒಂದೇ ರೂಪದ ಬಂಡಿಗಳು ಪೆಟ್ರೋಲಿನವೂ ಉಂಟು, ಡಿಜೆಲಿನವೂ ಉಂಟು. ಪೆಟ್ರೋಲಿನ ನಳಿಗೆ ಸಾಮಾನ್ಯವಾಗಿ ಸಣ್ಣದು, ಡಿಜೆಲ್ ಟಾಕಿಯ ಬಾಯಿ ಅಗಲ. ತಡೆಯಿಲ್ಲದೆ ಒಳಗೆ ಹೋಗುತ್ತದೆ.

ಮುಚ್ಚಳ ಹಾಕುವಾಗ ಅದರ ಮೇಲಿನ ಅಕ್ಷರ ಹುಡುಗನ ಕಣ್ಣಿಗೆ ಬಿತ್ತು. "ಕಾಕಾ, ತಪ್ಪಾಗೇತ್ರಿ, ಪೆಟ್ರೋಲ್ ಬಿದ್ದೈತಿ" ಎಂದು ಓಡಿ ಬಂದ. ಚಾಲಕರ ಕೈ ಆಗಲೇ ಕೀಲಿಯ ಮೇಲಿತ್ತು. ಬದಿಗೆ ನಿಂತವರೊಬ್ಬರು, "ಮ್ಯಾಲೆ ಡಿಜೆಲ್ ತುಂಬಿಸ್ರಿ, ಕೂಡಿ ಉರೀತೈತಿ" ಎಂದು ಉಪದೇಶಿಸಿದರು. ಅಷ್ಟರಲ್ಲಿ ನೆರೆಯ ಗ್ಯಾರೇಜಿನ ಹಿರಿಯ ಮಿಸ್ತ್ರಿ ಕೂಗಿದರು: "ಕೀಲಿ ತಿರುವಬ್ಯಾಡ್ರಿ! ತಿರುವದಿದ್ರ ಟಾಕಿ ತೊಳೆಯೋ ಖರ್ಚು. ತಿರುವಿದ್ರ ಇಂಜಿನ್ನಿನ ಖರ್ಚು."

ಬಂಡಿಯನ್ನು ಎಲ್ಲರೂ ಕೂಡಿ ಬದಿಗೆ ನೂಕಿದೆವು. ಟಾಕಿ ಬರಿದಾಗಿ ಹೊಸ ಡಿಜೆಲ್ ಬೀಳುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅಂದಿನ ಲಿಲಾವು ತಪ್ಪಿತು, ಬಂಡಿ ಉಳಿಯಿತು.

ಕಾರಣವೇನು?

ಪೆಟ್ರೋಲ್ ಇಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಎಣ್ಣೆಯನ್ನು ಹೊತ್ತಿಸುತ್ತದೆ. ಡಿಜೆಲ್ ಇಂಜಿನ್ನಿಗೆ ಕಿಡಿಯೇ ಬೇಡ. ಜರ್ಮನಿಯ ರುಡಾಲ್ಫ್ ಡಿಜೆಲ್ 1897ರಲ್ಲಿ ನಡೆಸಿ ತೋರಿಸಿದ ಈ ಯಂತ್ರ ಬರಿಯ ಗಾಳಿಯನ್ನು ಬಲವಾಗಿ ಅದುಮುತ್ತದೆ. ಈಗಿನವು 15ರಿಂದ 20 ಪಟ್ಟು ಅದುಮುತ್ತವೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದಿಲ್ಲವೇ? ಹಾಗೆಯೇ ಇಲ್ಲಿಯ ಗಾಳಿ 500 ಡಿಗ್ರಿಗೂ ಮಿಕ್ಕಿ ಕಾಯುತ್ತದೆ. ಅದರಲ್ಲಿ ಸಿಂಪಡಿಸಿದ ಡಿಜೆಲ್ ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲಾದರೋ ಹಾಗೆ ತಾನಾಗಿ ಬೇಗ ಹೊತ್ತದಂತೆ ಸಿದ್ಧಪಡಿಸಿದ ಎಣ್ಣೆ. ಅದು ತಡವಾಗಿ, ಒಮ್ಮೆಗೇ ಹೊತ್ತಿ ಇಂಜಿನ್ನನ್ನು ಬಡಿಯುತ್ತದೆ.

ಇದಕ್ಕಿಂತ ದೊಡ್ಡ ಹಾನಿ ಬೇರೆ ಇದೆ. ಡಿಜೆಲಿನಲ್ಲಿ ಜಿಡ್ಡುಂಟು, ಒಳಗಿನ ಪಂಪಿಗೂ ಇಂಜೆಕ್ಟರಿಗೂ ಅದೇ ಕೀಲೆಣ್ಣೆ. ಪೆಟ್ರೋಲು ಆ ಜಿಡ್ಡನ್ನು ತೊಳೆದುಹಾಕುತ್ತದೆ. ಈಗ ಪೆಟ್ರೋಲಿಗೆ ಶೇಕಡಾ 20ರವರೆಗೆ ಬೆರೆಸುವ ಇಥೆನಾಲು ಕಬ್ಬಿನಿಂದಲೂ ಬರುವಂಥದು. ಆದರೂ ಅದರಲ್ಲಿಯೂ ಜಿಡ್ಡಿಲ್ಲ. ಕಾಮನ್ ರೇಲ್ ಇರುವ ಹೊಸ ಬಂಡಿಗಳಲ್ಲಿ ಎಣ್ಣೆಯ ಒತ್ತಡ ವಾಯುಭಾರದ 1000 ಪಟ್ಟಿಗೂ ಮಿಕ್ಕಿರುತ್ತದೆ. ಅಲ್ಲಿ ಲೋಹಕ್ಕೆ ಲೋಹ ಒಣಗಿ ತಿಕ್ಕಿದರೆ ಸವೆದ ಪುಡಿ ಇಂಜೆಕ್ಟರಿನವರೆಗೆ ಹೋಗುತ್ತದೆ. ಬಾವಿಯ ಮೇಲಿನ ಹಳೆಯ ಇಂಜಿನ್ನು ಅಷ್ಟಿಷ್ಟು ತಡೆದೀತು. ಅದನ್ನು ನೋಡಿ ಹೊಸ ಬಂಡಿಗೆ ಧೈರ್ಯ ಮಾಡಬಾರದು.

ಮಾಡಬೇಕಾದುದು

ಕೀಲಿಯನ್ನು ಅರ್ಧವೂ ತಿರುವಬಾರದು. ಎಷ್ಟೋ ಹೊಸ ಬಂಡಿಗಳಲ್ಲಿ ಅಷ್ಟಕ್ಕೇ ಎಣ್ಣೆಯ ಪಂಪು ನಡೆಯತೊಡಗುತ್ತದೆ. ಬಂಡಿ ಹೊರಟ ಮೇಲೆ ತಿಳಿದರೆ ಸುರಕ್ಷಿತ ಜಾಗದಲ್ಲಿ ಕೂಡಲೇ ನಿಲ್ಲಿಸಿ ಇಂಜಿನ್ನು ಬಂದು ಮಾಡಬೇಕು. ಪಂಪನ್ನೂ ಇಂಜೆಕ್ಟರನ್ನೂ ಮಿಸ್ತ್ರಿಗೆ ತೋರಿಸದೆ ಮತ್ತೆ ನಡೆಸಕೂಡದು. ಟಾಕಿಯನ್ನು ಪೂರ್ತಿ ಬರಿದುಮಾಡಿಸಿ, ಫಿಲ್ಟರು ಬದಲಿಸಿ, ಹೊಸ ಡಿಜೆಲ್ ತುಂಬಿ, ಕೊಳವೆಯೊಳಗಿನ ಗಾಳಿ ತೆಗೆಸಬೇಕು. ಟ್ರ್ಯಾಕ್ಟರಿಗೂ ಇದೇ ಕ್ರಮ.

ಕೊಳವೆಯಿಟ್ಟು ಬಾಯಿಂದ ಎಣ್ಣೆ ಎಳೆಯುವ ರೂಢಿ ಬಹಳ ಕೆಟ್ಟದು. ಎಣ್ಣೆ ಪುಪ್ಪುಸಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅಕಸ್ಮಾತ್ ನುಂಗಿದವರಿಗೆ ವಾಂತಿ ಮಾಡಿಸದೆ ದವಾಖಾನೆಗೆ ಒಯ್ಯಬೇಕು. ತೆಗೆದ ಮಿಶ್ರಣ ಪೆಟ್ರೋಲಿನಂತೆಯೇ ಬೆಂಕಿ ಹಿಡಿಯಬಲ್ಲದು. ಅದನ್ನು ಒಲೆಗೆ, ದೀಪಕ್ಕೆ ಬಳಸಬಾರದು. ಹೊಲಕ್ಕೂ ಬಾವಿಯ ಬದಿಗೂ ಚೆಲ್ಲಬಾರದು. ಗ್ಯಾರೇಜಿನವರಿಗೇ ಒಪ್ಪಿಸುವುದು ಲೇಸು.

ತಪ್ಪು ಆಗದಂತೆ ತಡೆಯುವುದಕ್ಕೆ ಖರ್ಚೇನೂ ಇಲ್ಲ. ಟಾಕಿಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಎಣ್ಣೆಯ ಹೆಸರು ಬರೆಯಿರಿ. ಔಷಧ ಹೊಡೆಯುವ ಪಂಪಿಗೆಂದು ತಂದ ಪೆಟ್ರೋಲಿನ ಡಬ್ಬಿ ಬೇರೆ, ಟ್ರ್ಯಾಕ್ಟರಿನ ಡಿಜೆಲ್ ಡಬ್ಬಿ ಬೇರೆ ಇರಲಿ. ಪಂಪಿನಲ್ಲಿ ಕೆಳಗಿಳಿದು ನಿಂತು, "ಎಣ್ಣೆ" ಎನ್ನದೆ "ಡಿಜೆಲ್" ಎಂದೇ ಹೇಳಿರಿ. ನಮ್ಮ ಗಡಿಸೀಮೆಯಲ್ಲಿ ಕನ್ನಡಕ್ಕೂ ಮರಾಠಿಗೂ ಆ ಶಬ್ದ ಒಂದೇ. ತಿಳಿಯದವರು ಯಾರೂ ಇಲ್ಲ.

ಕೊನೆಗೆ ಒಂದು ಮಾತು. ಆ ದಿನ ಸಂಬಳ ಮುರಿದಾರೆಂದು ಹುಡುಗ ಹೆದರಿ ಸುಮ್ಮನಿದ್ದರೆ ನಾವು ಸೊಲ್ಲಾಪುರ ಮುಟ್ಟುವ ಮೊದಲೇ ಇಂಜಿನ್ನು ಕೆಟ್ಟು ನಿಲ್ಲುತ್ತಿತ್ತು. ಚಾಲಕರು ಮೊದಲು ಸಿಟ್ಟಾದರೂ ಸಂಜೆ ಹೊರಡುವಾಗ ಅವನ ಬೆನ್ನು ತಟ್ಟಿದರು. ನಿಮ್ಮ ಮನೆಯ ಮಗನೋ ಆಳೋ ಇಂಥ ತಪ್ಪು ಮಾಡಿ ಓಡಿ ಬಂದು ಹೇಳಿದರೆ, ರೈತ ಬಾಂಧವರೇ, ಮೊದಲು ಕೀಲಿಯಿಂದ ಕೈ ತೆಗೆಯಿರಿ, ಬೈಗುಳ ಆಮೇಲಿರಲಿ.