ಬನ್ನೇರುಘಟ್ಟದ ಪಿಂಚಣಿದಾರ ಹುಲಿಗಳು

ಬನ್ನೇರುಘಟ್ಟದ ಸಫಾರಿ ಬಸ್ಸಿನ ಜಾಲರಿ ಕಿಟಕಿಯಲ್ಲಿ ಹುಲಿ ನೋಡಿ ಬಂದವರು ಬೆಂಗಳೂರಿನಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಅದೇ ಬೇಲಿಯೊಳಗೆ ಸಫಾರಿ ಬಸ್ಸು ಹೋಗದ, ಯಾವ ಟಿಕೆಟ್ಟಿಗೂ ಬಾಗಿಲು ತೆರೆಯದ ಜಾಗವೊಂದು ರೂಪುಗೊಂಡದ್ದು ಬಹಳ ಮಂದಿಗೆ ಗೊತ್ತಿಲ್ಲ. ಸರ್ಕಸ್ಸುಗಳಿಂದ ಬಿಡಿಸಿ ತಂದ ಹುಲಿ, ಸಿಂಹಗಳನ್ನು ಸಾಯುವವರೆಗೂ ಸಾಕಲೆಂದೇ ಕಟ್ಟಿದ ಪುನರ್ವಸತಿ ಕೇಂದ್ರ ಅದು. ಜೀವಮಾನವಿಡೀ ಜನರೆದುರು ಕುಣಿದ ಪ್ರಾಣಿಗಳನ್ನು ಇಲ್ಲಿಯೂ ಪ್ರದರ್ಶನಕ್ಕೆ ಇಡಬಾರದು ಎಂಬುದು ನಿಯಮ. ಒಳ್ಳೆಯ ನಿಯಮ.

ಇದರ ಬೇರು ಇರುವುದು 1998ರ ಅಕ್ಟೋಬರ್ 14ರ ಅಧಿಸೂಚನೆಯಲ್ಲಿ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿ, ಈ ಐದನ್ನು ಪಳಗಿಸಿ ಆಡಿಸುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿತು. ಸರ್ಕಸ್ ಕಂಪನಿಗಳು ಸುಮ್ಮನಿರಲಿಲ್ಲ. ನಮ್ಮ ಹೊಟ್ಟೆಪಾಡಿನ ಹಕ್ಕು ಕಸಿದಿರಿ ಎಂದು ಸರ್ಕಸ್ಸಿನ ತವರಾದ ಕೇರಳದಲ್ಲೇ ಹೈಕೋರ್ಟಿನ ಮೆಟ್ಟಿಲೇರಿದವು. 2000ದಲ್ಲಿ ಅಲ್ಲಿ ಸೋತು, ಮರುವರ್ಷ ಸುಪ್ರೀಂ ಕೋರ್ಟಿನಲ್ಲೂ ಸೋತವು.

ಕಾಗದದ ಮೇಲೆ ವ್ಯಾಜ್ಯ ಮುಗಿಯಿತು. ಆದರೆ ದೇಶದ ಡೇರೆಗಳಲ್ಲಿದ್ದ ನೂರಾರು ಹುಲಿ, ಸಿಂಹಗಳು ಹೋಗುವುದೆಲ್ಲಿಗೆ? ಅವುಗಳ ಜವಾಬ್ದಾರಿ ಕೇಂದ್ರ ಮೃಗಾಲಯ ಪ್ರಾಧಿಕಾರದ ಹೆಗಲಿಗೆ ಬಿತ್ತು. ಬನ್ನೇರುಘಟ್ಟ, ಚೆನ್ನೈ ಬಳಿಯ ವಂಡಲೂರು, ತಿರುಪತಿ, ವಿಶಾಖಪಟ್ಟಣ, ಜೈಪುರ, ಭೋಪಾಲಗಳಲ್ಲಿ ಕೇಂದ್ರಗಳು ಎದ್ದವು. ಬನ್ನೇರುಘಟ್ಟಕ್ಕೆ ಕಡಲಾಚೆಯಿಂದಲೂ ಅತಿಥಿಗಳು ಬಂದರು. ಬ್ರಿಟನ್ನಿನ ಬಾರ್ನ್ ಫ್ರೀ ಪ್ರತಿಷ್ಠಾನ ಯುರೋಪಿನಲ್ಲಿ ಸೆರೆಯಿಂದ ಬಿಡಿಸಿದ ಹುಲಿಗಳನ್ನು ವಿಮಾನದಲ್ಲಿ ಇಲ್ಲಿಗೆ ಕಳಿಸಿತು. ‘ಬಾರ್ನ್ ಫ್ರೀ’ ಸಿನಿಮಾದಲ್ಲಿ ನಟಿಸಿದ್ದ ವರ್ಜೀನಿಯಾ ಮೆಕೆನ್ನಾ ಮತ್ತು ಬಿಲ್ ಟ್ರಾವರ್ಸ್ ದಂಪತಿ ಕಟ್ಟಿದ ಸಂಸ್ಥೆ ಇದು. ಕಾಡುಹುಲಿಯೇ ಇಲ್ಲದ ಖಂಡದಲ್ಲಿ ಬಾಳಿದ ಆ ಹುಲಿಗಳು ಮೊದಲ ಸಲ ಹುಲಿಯ ನಾಡಿಗೆ ಬಂದದ್ದು ಹೀಗೆ.

ಇವನ್ನು ಕಾಡಿಗೇ ಬಿಡಬಾರದೇಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಬೇಟೆ ಕಲಿಯಬೇಕಾದರೆ ಮರಿ ಸುಮಾರು ಎರಡು ವರ್ಷ ತಾಯಿಯ ಹಿಂದೆ ಅಲೆಯಬೇಕು. ಸರ್ಕಸ್ಸಿನ ಹುಲಿಗೆ ಆ ಶಾಲೆಯೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಅದಕ್ಕೆ ಮನುಷ್ಯನ ಅಂಜಿಕೆಯಿಲ್ಲ. ಹಸಿದಾಗ ಅದು ಹುಡುಕುವುದು ಜಿಂಕೆಯನ್ನಲ್ಲ, ತುತ್ತು ಹಾಕುವ ಕೈಯನ್ನು. ಕಾಡಂಚಿನ ಊರಿಗೆ ಇಂಥ ಹುಲಿ ಬಂದರೆ ಗತಿಯೇನು? ಜೊತೆಗೆ ಇವುಗಳ ವಂಶಾವಳಿಗೆ ಲೆಕ್ಕವಿಲ್ಲ. ಡೇರೆಗಳಲ್ಲಿ ಯಾವುದು ಯಾವುದರೊಂದಿಗೆ ಕೂಡಿತೋ ಬರೆದಿಟ್ಟವರಿಲ್ಲ. ಹಾಗಾಗಿ ಕೇಂದ್ರದಲ್ಲೂ ಮರಿ ಹಾಕಿಸುವಂತಿಲ್ಲ. ಚಂಡೀಗಢ ಸಮೀಪದ ಛತ್‌ಬೀರ್ ಮೃಗಾಲಯದಲ್ಲಿ ಏಷ್ಯಾ, ಆಫ್ರಿಕಾ ಮಿಶ್ರತಳಿಯ ಸಿಂಹಗಳು ಮಿತಿಮೀರಿ ಹೆಚ್ಚಿ, ಕಡೆಗೆ ಗಂಡುಗಳಿಗೆ ಸಂತಾನಹರಣ ಮಾಡಿಸಬೇಕಾಗಿ ಬಂದಿತ್ತು. ಆ ಪಾಠ ಕಣ್ಣೆದುರಿಗಿತ್ತು.

ಇಂಥ ಕೇಂದ್ರದ ದಿನಚರಿಯಲ್ಲಿ ರೋಚಕವಾದದ್ದು ಏನೂ ಇರುವುದಿಲ್ಲ, ಇರಲೂಬಾರದು. ಪಾಲಕರು ಹುಲಿಯೊಂದಿಗೆ ಒಂದೇ ಆವರಣದಲ್ಲಿ ನಿಲ್ಲುವುದಿಲ್ಲ. ಹುಲಿ ಬಯಲಿನಲ್ಲಿದ್ದಾಗ ಕೋಣೆ ತೊಳೆಯುತ್ತಾರೆ, ಕೋಣೆಯಲ್ಲಿದ್ದಾಗ ಬಯಲು ಗುಡಿಸುತ್ತಾರೆ. ನಡುವಿನ ಕಬ್ಬಿಣದ ಬಾಗಿಲನ್ನು ಹೊರಗಿನಿಂದಲೇ ಎಳೆಯುತ್ತಾರೆ. ಸಂಜೆ ಮಾಂಸವನ್ನು ಒಳಗಿನ ಕೋಣೆಯಲ್ಲಿಟ್ಟರೆ ಚಾಟಿ, ಕೋಲುಗಳಿಲ್ಲದೆ ಹುಲಿ ತಾನಾಗಿ ಬರುತ್ತದೆ. ವಾರಕ್ಕೊಂದು ದಿನ ಉಪವಾಸ; ಕಾಡಿನ ಹುಲಿಗೂ ದಿನಾ ಬೇಟೆ ಸಿಗುವುದಿಲ್ಲವಲ್ಲ. ಸೂಜಿ ಚುಚ್ಚಬೇಕಾದರೆ, ಒಂದು ಪಕ್ಕದ ಗೋಡೆ ಸರಿದು ಪ್ರಾಣಿಯನ್ನು ಅಲುಗಾಡದಂತೆ ಒತ್ತಿಹಿಡಿಯುವ ‘ಸ್ಕ್ವೀಜ್ ಕೇಜ್’ ಬಳಸುತ್ತಾರೆ.

ವಾಸಿಯಾಗದ ರೋಗವೆಂದರೆ ಅಭ್ಯಾಸ. ಲಾರಿಯ ಬೋನಿನೊಳಗೆ ವರ್ಷಗಟ್ಟಲೆ ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ ನಡೆದ ಹುಲಿಯನ್ನು ಮರ, ನೀರಿನ ತೊಟ್ಟಿ ಇರುವ ವಿಶಾಲ ಬಯಲಿಗೆ ಬಿಟ್ಟರೂ ಅದು ಬೇಲಿಯ ಪಕ್ಕ ಅಷ್ಟೇ ಉದ್ದವನ್ನು ತುಳಿಯುತ್ತಿರುವುದುಂಟು. ಸೆರೆಯಲ್ಲಿ ಬೆಳೆದ ಪ್ರಾಣಿಗಳಲ್ಲಿ ಇದು ಎಲ್ಲ ಕಡೆ ಕಾಣುವ ಲಕ್ಷಣ.

ಹುಟ್ಟು ಇಲ್ಲ, ಹೊಸಬರು ಬರುವಂತಿಲ್ಲ. ಅಂದರೆ ತಾನಾಗಿ ಖಾಲಿಯಾಗಲೆಂದೇ ಹುಟ್ಟಿದ ಸಂಸ್ಥೆ ಇದು. ಸರ್ಕಸ್ಸಿನ ಪೀಳಿಗೆಯ ಮಟ್ಟಿಗೆ ಹಾಗೇ ಆಗುತ್ತಾ ಬಂತು. ಸೆರೆಯ ಹುಲಿ ಬದುಕಿದರೆ ಇಪ್ಪತ್ತು ವರ್ಷ; 1998ಕ್ಕೆ ಮೊದಲು ಕುಣಿದವು ವಯಸ್ಸಾಗಿ ಒಂದೊಂದೇ ಕಣ್ಣು ಮುಚ್ಚಿದವು.

ಆದರೆ ಇಂಥ ಬೋನುಗಳಿಗೆ ಕೆಲಸ ತಪ್ಪಲಿಲ್ಲ. ಈಗ ಹುಲಿಗಳು ಬರುತ್ತಿರುವುದು ಡೇರೆಯಿಂದಲ್ಲ, ಕಾಡಿನಿಂದ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಗಡಿಕಾದಾಟದಲ್ಲಿ ಸೋತವು, ಮುದಿಯಾದವು, ಗಾಯಗೊಂಡವು ಹೊಲದಂಚಿಗೆ ಬರುತ್ತವೆ. 2019ರಲ್ಲಿ ಗುಂಡ್ಲುಪೇಟೆಯ ಚೌಡಹಳ್ಳಿ ಸುತ್ತಮುತ್ತ ಇಬ್ಬರನ್ನು ಕೊಂದ ಹುಲಿಯನ್ನು ಜೀವಂತ ಹಿಡಿದು ಸಾಗಿಸಿದ್ದು ಮೈಸೂರು ಹೊರವಲಯದ ಕೂರ್ಗಳ್ಳಿಗೆ, ಮೈಸೂರು ಮೃಗಾಲಯ ನಡೆಸುವ ಪುನರ್ವಸತಿ ಕೇಂದ್ರಕ್ಕೆ.

ಕೂರ್ಗಳ್ಳಿಗೆ ಬಂದ ಹುಲಿಗೆ ಬೇಟೆ ಗೊತ್ತು, ಕಾಡಿನ ನೆನಪಿದೆ. ಸರ್ಕಸ್ಸಿನ ಹುಲಿಗೆ ಬನ್ನೇರುಘಟ್ಟ ಬಿಡುಗಡೆಯಾದರೆ, ಇದಕ್ಕೆ ಕೂರ್ಗಳ್ಳಿ ನೇರ ಜೈಲು. ಹಾಗೆಂದು ಬೇರೆ ದಾರಿ ಸುಲಭವೂ ಅಲ್ಲ. 2014ರಲ್ಲಿ ಚಿಕ್ಕಮಗಳೂರಿನ ಕಡೆ ಹಿಡಿದ ಹುಲಿಗೆ ರೇಡಿಯೊ ಕಾಲರ್ ತೊಡಿಸಿ ಬೆಳಗಾವಿ ಜಿಲ್ಲೆಯ ಭೀಮಗಡದಲ್ಲಿ ಬಿಟ್ಟರು. ಅದು ಖಾನಾಪುರ ತಾಲ್ಲೂಕಿನಲ್ಲಿ ಒಬ್ಬ ಮಹಿಳೆಯನ್ನು ಕೊಂದಿತು, ಕೊನೆಗೆ ಗುಂಡಿಗೆ ಬಲಿಯಾಯಿತು. ಮನುಷ್ಯರನ್ನು ಕೊಂದ ಹುಲಿಯನ್ನು ಮತ್ತೆ ಕಾಡಿಗೆ ಬಿಡಬೇಡಿ ಎಂದೇ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯೂ ಹೇಳುತ್ತದೆ. ಸರ್ಕಸ್ಸಿನ ಹುಲಿಗಳ ಸಾಲಿಗೆ ಕೊನೆಯೊಂದಿತ್ತು. ಕಾಡಿನಿಂದ ಬರುವ ಸಾಲಿಗೆ ಎಷ್ಟು ಬೋನು ಸಾಕೆಂದು ಅರಣ್ಯ ಇಲಾಖೆ ಈಗ ಲೆಕ್ಕ ಹಾಕಬೇಕಾಗಿದೆ.